ಕೋಹೆನ್‌ಗಳೆಲ್ಲ ಒಂದೇ ಮನೆತನದವರಾ?

ಗಿರೀಶ_ತಿಪಟೂರು
ನಿನ್ನೆ ರಾತ್ರಿ ಲೆನರ್ಡ್ ಕೋಹೆನ್ ಹಾಡು ಹಾಕಿಕೊಂಡು ಕೂತಿದ್ದೆ. ಮಗಳು ಬಂದು, "ಅಪ್ಪಾ, ಸಾಚಾ ಬ್ಯಾರನ್ ಕೋಹೆನ್ ಇವರ ಮಗನಾ?" ಅಂತ ಕೇಳಿದಳು. ಆ ಬ್ರಿಟಿಷ್ ಹಾಸ್ಯನಟ. ಅಲ್ಲ ಅಂದೆ. ಆಮೇಲೆ ಹುಡುಕಿ ನೋಡಿದರೆ ಒಂದು ಲೆಕ್ಕದಲ್ಲಿ ದಾಯಾದಿಗಳೇ! ಯಹೂದಿಗಳ ಹೀಬ್ರೂ ಭಾಷೆಯಲ್ಲಿ ಕೋಹೆನ್ ಅಂದರೆ ಪುರೋಹಿತ. ಕನ್ನಡ ಬೈಬಲ್‌ನಲ್ಲಿ ಯಾಜಕ ಅಂತ ಬರುತ್ತದಲ್ಲ, ಅದೇ. ಮೋಶೆಯ ಅಣ್ಣ ಆರೋನನ ಗಂಡುಮಕ್ಕಳ ಸಂತತಿ. ಹಾಗಾಗಿ ಪ್ರಪಂಚದ ಕೋಹೆನ್‌ಗಳೆಲ್ಲ ಒಬ್ಬನೇ ಮನುಷ್ಯನ ಮಕ್ಕಳು. 1997ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ಸಾಬೀತು ಕೂಡ ಮಾಡಿದ್ದಾರೆ. ಮೂರು ಸಾವಿರ ವರ್ಷ ಒಂದು ಹೆಸರು ಉಳಿದು ಬರುವುದು ಅಂದರೆ ಸುಮ್ನೇನಾ?

ಸುಮಾ_ಕೆ
ಗಿರೀಶ್, ಎರಡು ವಿಷಯ ಕಲಸಿಬಿಟ್ಟಿದ್ದೀರಿ. ಉಳಿದು ಬಂದದ್ದು ಹೆಸರಲ್ಲ, ಸ್ಥಾನ. ಜರ್ಮನಿ, ಪೋಲೆಂಡ್ ಕಡೆಯ ಹೆಚ್ಚಿನ ಯಹೂದಿಗಳಿಗೆ ಇನ್ನೂರೈವತ್ತು ವರ್ಷದ ಹಿಂದೆ ಸರ್‌ನೇಮೇ ಇರಲಿಲ್ಲ. ಇಂಥವರ ಮಗ ಇಂಥವರು, ಅಷ್ಟೇ. 1787ರಲ್ಲಿ ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ ಎಲ್ಲರೂ ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಅಂತ ಆಜ್ಞೆ ಹೊರಡಿಸಿದ. 1808ರಲ್ಲಿ ನೆಪೋಲಿಯನ್, 1812ರಲ್ಲಿ ಪ್ರಷ್ಯಾ. ತೆರಿಗೆಗೆ, ಸೈನ್ಯಕ್ಕೆ ತಲೆ ಲೆಕ್ಕ ಬೇಕಿತ್ತು. ಆಗ ಪುರೋಹಿತ ಸ್ಥಾನ ಇದ್ದ ಎಷ್ಟೋ ಮನೆಯವರು ಅದನ್ನೇ ಹೆಸರಾಗಿ ಬರೆಸಿದರು. ಎಲ್ಲರೂ ಬರೆಸಲಿಲ್ಲ. ಕೆಲವರು ಊರಿನ ಹೆಸರು ಬರೆಸಿದರು, ಕೆಲವರು ಕಸುಬಿನದ್ದು.

ನಮ್ಮಲ್ಲಿ ಶಾನುಭೋಗ್ ಅಂತ ಹೆಸರಿದ್ದವರು ಈಗ ಲೆಕ್ಕದ ಪುಸ್ತಕ ಹಿಡಿದು ಚಾವಡಿಯಲ್ಲಿ ಕೂತಿದ್ದಾರಾ?

ಗಿರೀಶ_ತಿಪಟೂರು
ಶಾನುಭೋಗ ಕೆಲಸ. ಇದು ಗೋತ್ರ ಇದ್ದ ಹಾಗೆ ಮೇಡಂ. ಕೆಲಸ ಹೋದರೂ ಗೋತ್ರ ಹೋಗುವುದಿಲ್ಲ.

ಲೆಕ್ಕದ_ಮೇಷ್ಟ್ರು
ಇಬ್ಬರದ್ದೂ ಅರ್ಧರ್ಧ ಸರಿ. ಸುಮಾ ಅವರೇ, ನೀವು ಹೇಳಿದ್ದು ಯುರೋಪಿನ ಆ ಭಾಗಕ್ಕೆ ಮಾತ್ರ ಹೊಂದುತ್ತದೆ. ಸ್ಪೇನ್, ಮೊರಾಕ್ಕೋ ಕಡೆಯ ಯಹೂದಿಗಳಲ್ಲಿ ಮನೆತನದ ಹೆಸರು ಅದಕ್ಕಿಂತ ತುಂಬಾ ಹಳೆಯದು. 1997ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಕ್ಲೋಡ್ ಕೋಹೆನ್-ತನ್ನೂಜಿ ಅವರನ್ನೇ ನೋಡಿ. ಹುಟ್ಟಿದ್ದು ಅಲ್ಜೀರಿಯಾದಲ್ಲಿ. ಅವರೇ ಬರೆದುಕೊಂಡಿರುವ ಪ್ರಕಾರ ಆ ಹೆಸರಿನ ಅರ್ಥ ಇಷ್ಟೇ: ತಾಂಜಿಯರ್ ಊರಿನ ಕೋಹೆನ್ ಮನೆಯವರು. ತಿಪಟೂರು ಗಿರೀಶ ಅಂದ ಹಾಗೆ.

ಇನ್ನು ವೇಷ ಬದಲಿಸಿದ ಕೋಹೆನ್‌ಗಳು ಬೇಕಾದಷ್ಟಿದ್ದಾರೆ. ಕಾಟ್ಸ್ ಅಂದರೆ ಜರ್ಮನ್ ಬೆಕ್ಕು ಅಂತ ನಾನು ಬಹಳ ವರ್ಷ ನಂಬಿದ್ದೆ. ಅಲ್ಲ. "ಕೋಹೆನ್ ತ್ಸೆದೆಕ್", ಅಂದರೆ ಧರ್ಮದ ಪುರೋಹಿತ, ಅದರ ಮೊದಲ ಅಕ್ಷರಗಳನ್ನು ಕೂಡಿಸಿದ ಹೆಸರು. ರಷ್ಯನ್ ಭಾಷೆಯಲ್ಲಿ ನಮ್ಮ 'ಹ' ಇಲ್ಲ, ಆ ಜಾಗಕ್ಕೆ 'ಗ' ಬರುತ್ತದೆ. ಅಲ್ಲಿ ಕೋಹೆನ್ ಹೋಗಿ ಕಗಾನ್, ಕೋಗಾನ್ ಆಯಿತು. ಸ್ಟಾಲಿನ್‌ನ ಬಲಗೈ ಲಾಜರ್ ಕಗನೋವಿಚ್ ಕೂಡ ಅದೇ ಬೇರಿನ ಹೆಸರು. ಎಲೆನಾ ಕೇಗನ್ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಇದ್ದಾರಲ್ಲ, ಅದೂ ಅದೇ. ಹಂಗೆರಿಯ ಕಮ್ಯುನಿಸ್ಟ್ ನಾಯಕ ಬೇಲಾ ಕುನ್ ಹುಟ್ಟಿದಾಗ ಬೇಲಾ ಕೋನ್.

ಇಟ್ಟಿಗೆ_ಗಾರೆ
ಮೇಷ್ಟ್ರೇ, ನನ್ನ ಮರ್ಯಾದೆ ಹೋದ ಕಥೆ ಕೇಳಿ. ಆರ್ಕಿಟೆಕ್ಚರ್ ಮೊದಲ ವರ್ಷ. ಅಹಮದಾಬಾದ್ ಐಐಎಂ ವಿನ್ಯಾಸ ಮಾಡಿದವರು ಯಾರು ಅಂತ ಕೇಳಿದರು. "ಲೂಯಿ ಖಾನ್, ಪಠಾಣರು" ಅಂದೆ. ಇಡೀ ಕ್ಲಾಸು ನಕ್ಕಿತು. ಅದು ಕಾನ್. ಕೋಹೆನ್‌ನ ಜರ್ಮನ್ ರೂಪಗಳಲ್ಲಿ ಒಂದು. ಜರ್ಮನ್‌ನಲ್ಲಿ ಕಾನ್ ಅಂದರೆ ದೋಣಿಯೂ ಹೌದು, ಆದ್ದರಿಂದ ಕಾನ್ ಅಂದ ತಕ್ಷಣ ಯಹೂದಿ ಅನ್ನುವ ಹಾಗೂ ಇಲ್ಲ.

ಮಜಾ ಏನೆಂದರೆ, ಲೂಯಿ ಕಾನ್ ಹುಟ್ಟಿದ್ದು ಈಗಿನ ಎಸ್ಟೋನಿಯಾದಲ್ಲಿ, ಬೇರೆ ಹೆಸರಿನಲ್ಲಿ. ಮನೆಯವರ ಸರ್‌ನೇಮ್ ಶ್ಮುಯಿಲೋವ್‌ಸ್ಕಿ. ಅಮೆರಿಕಕ್ಕೆ ಬಂದು ಕೆಲವು ವರ್ಷ ಆದಮೇಲೆ, 1915ರಲ್ಲಿ, ಅಪ್ಪ ಅದನ್ನು ಕಾನ್ ಅಂತ ಬದಲಿಸಿದರು. ಅಂದರೆ ಗಿರೀಶ್ ಸರ್, ನಿಮ್ಮ "ಮೂರು ಸಾವಿರ ವರ್ಷದ ಹೆಸರು" ಈ ಮನೆಯಲ್ಲಿ ಫಿಲಡೆಲ್ಫಿಯಾದ ಒಂದು ಅರ್ಜಿಯಿಂದ ಶುರು.

ಗಿರೀಶ_ತಿಪಟೂರು
ಒಬ್ಬರ ಕಥೆ ಹಿಡಿದು ಎಲ್ಲರನ್ನೂ ತೂಗಬೇಡಿ. ಡಿಎನ್‌ಎಗೆ ಯಾರೂ ಉತ್ತರ ಕೊಡಲಿಲ್ಲ.

ಸುಮಾ_ಕೆ
ಕೊಡ್ತೀನಿ. ಕಾರ್ಲ್ ಸ್ಕೊರೆಕಿ ಅಂತ ಕಿಡ್ನಿ ವೈದ್ಯರು, ಅವರೂ ಕೋಹೆನ್ ಸ್ಥಾನದವರು, ಪೂರ್ವ ಯುರೋಪಿನ ಮೂಲ. ಒಂದು ದಿನ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಇನ್ನೊಬ್ಬ ಕೋಹೆನ್‌ರನ್ನು ಧರ್ಮಗ್ರಂಥದ ವಾಚನಕ್ಕೆ ಕರೆದರು. ಅವರು ಉತ್ತರ ಆಫ್ರಿಕಾ ಮೂಲದವರು, ನೋಡಲು ಪೂರ್ತಿ ಬೇರೆ. ನಾವಿಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳಾದರೆ ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಒಂದೇ ಥರ ಇರಬೇಕಲ್ವಾ ಅಂತ ಅವರಿಗೆ ಹೊಳೆಯಿತು. ಹಾಗೆ ಶುರುವಾದದ್ದು 1997ರ ಅಧ್ಯಯನ. ಪುರೋಹಿತ ಸ್ಥಾನದವರಲ್ಲಿ ಒಂದು ಗುರುತು ಉಳಿದ ಯಹೂದಿಗಳಿಗಿಂತ ತುಂಬಾ ಜಾಸ್ತಿ ಕಂಡಿತು. ನಿಜ.

ಆದರೆ ಅವರು ಸರ್‌ನೇಮ್ ನೋಡಿ ಜನರನ್ನು ಆರಿಸಲಿಲ್ಲ. "ನೀವು ಕೋಹೆನ್ ಸ್ಥಾನದವರಾ" ಅಂತ ಕೇಳಿದರು. ಆಮೇಲೆ ಆ ಗುರುತು ಯಹೂದಿಗಳಲ್ಲದ ಪಶ್ಚಿಮ ಏಷ್ಯಾದವರಲ್ಲೂ ಸಿಕ್ಕಿತು. ಇನ್ನೂ ಸೂಕ್ಷ್ಮವಾಗಿ 2009ರಲ್ಲಿ ನೋಡಿದಾಗ, ಆ ಸ್ಥಾನದ ಗಂಡಸರಲ್ಲಿ ಒಂದೇ ದೊಡ್ಡ ಕವಲಿಗೆ ಸೇರಿದವರು ನೂರಕ್ಕೆ ಸುಮಾರು 46. ಉಳಿದವರು ಬೇರೆ ಬೇರೆ ಕವಲು.

ಗಿರೀಶ_ತಿಪಟೂರು
46 ಕಡಿಮೆನಾ? ಈ ಪುರೋಹಿತರು ಸೇವೆ ಮಾಡುತ್ತಿದ್ದ ಜೆರುಸಲೇಮಿನ ದೇವಾಲಯ ಬಿದ್ದದ್ದು ಕ್ರಿ.ಶ. 70ರಲ್ಲಿ. ಅಲ್ಲಿಂದೀಚೆಗೆ ದೇಶದಿಂದ ದೇಶಕ್ಕೆ ಓಡಿ, ಕೊಂದು, ಸುಟ್ಟು, ಮತ ಬದಲಿಸಿ... ಅಷ್ಟೆಲ್ಲ ಆದಮೇಲೂ ಅರ್ಧಕ್ಕೆ ಹತ್ತಿರ ಒಂದೇ ಕವಲು! ನಮ್ಮೂರಲ್ಲಿ ಮುತ್ತಜ್ಜನ ಅಪ್ಪನ ಹೆಸರು ಗೊತ್ತಿದ್ದವರು ಎಷ್ಟು ಜನ ಇದ್ದಾರೆ ಹೇಳಿ.

ಸುಮಾ_ಕೆ
ಜಾಸ್ತಿನೇ, ಒಪ್ಪಿದೆ. ಬಾಯಿಮಾತಿನಲ್ಲಿ ಅಪ್ಪ ಮಗನಿಗೆ ಹೇಳಿಕೊಂಡು ಬಂದದ್ದು ಇಷ್ಟು ನಿಂತಿದೆ ಅನ್ನುವುದು ದೊಡ್ಡದೇ. ಆದರೆ ನೀವು "ಎಲ್ಲರೂ" ಅಂದಿರಿ. ಮತ್ತೆ, ಕ್ರೋಮೋಸೋಮ್ ಮೇಲೆ "ಆರೋನ" ಅಂತ ಸಹಿ ಇರುವುದಿಲ್ಲ. ಆ ಕವಲಿನ ಮೂಲಪುರುಷ ಸುಮಾರು 3,000 ವರ್ಷದ ಹಿಂದೆ ಇದ್ದ, ಸಾವಿರ ವರ್ಷ ಆಚೆ ಈಚೆ. ಅಷ್ಟೇ ಹೇಳಲು ಬರುತ್ತದೆ.

ಕರಾವಳಿ_ಜೋ
ಎಲ್ಲರಿಗೂ ನಮಸ್ಕಾರ. ನಾನು ಬಂಟ್ವಾಳದವನು. ನಮ್ಮ ಕಡೆಯ ತುಂಬಾ ಜನರ ಹಾಗೆ ಇಸ್ರೇಲ್‌ನಲ್ಲಿ ಕೇರ್‌ಗಿವರ್. ಟೆಲ್ ಅವೀವ್ ಹತ್ತಿರ ಒಬ್ಬ ಅಜ್ಜನನ್ನು ನೋಡಿಕೊಳ್ಳುತ್ತಿದ್ದೇನೆ. ನೀವು ಪುಸ್ತಕದಲ್ಲಿ ಓದಿದ್ದನ್ನು ನಾನು ದಿನಾ ನೋಡುತ್ತೇನೆ ಮಾರಾಯ್ರೆ, ಅದಕ್ಕೆ ಹೇಳುತ್ತಿದ್ದೇನೆ.

ನಮ್ಮ ಅಜ್ಜ ಕೋಹೆನ್. ಆದರೆ ಅವರ ಸರ್‌ನೇಮಿನಲ್ಲಿ ಕೋಹೆನ್‌ನ ವಾಸನೆಯೂ ಇಲ್ಲ. ಶನಿವಾರ ಕೈ ಹಿಡಿದು ಸಿನಗಾಗ್‌ಗೆ ಕರೆದುಕೊಂಡು ಹೋಗುತ್ತೇನೆ. ಆಶೀರ್ವಾದದ ಹೊತ್ತಿಗೆ ಶೂ ಬಿಚ್ಚಬೇಕು. ಅಜ್ಜನಿಗೆ ಬಗ್ಗಲಿಕ್ಕೆ ಆಗುವುದಿಲ್ಲ, ಅದಕ್ಕೆ ಲೇಸ್ ಇಲ್ಲದ ಶೂ ತಂದುಕೊಟ್ಟಿದ್ದೇನೆ. ಲೇವಿ ಕುಲದವರೊಬ್ಬರು ಎರಡು ಹಿಡಿಕೆಯ ಚೊಂಬಿನಿಂದ ಅವರ ಕೈಗೆ ನೀರು ಹಾಕುತ್ತಾರೆ. ಆಮೇಲೆ ಎದುರು ಹೋಗಿ ನಿಂತು, ತಲೆ, ಕೈ ಎರಡನ್ನೂ ಶಾಲಿನಿಂದ ಮುಚ್ಚಿಕೊಂಡು, ಬೆರಳುಗಳನ್ನು ಎರಡೆರಡಾಗಿ ಅಗಲಿಸಿ ಆಶೀರ್ವಾದ ಹೇಳುತ್ತಾರೆ. ಹೀಬ್ರೂವಿನಲ್ಲಿ ಒಟ್ಟು 15 ಪದ, ಮೂರು ಸಾಲು. ಜನ ಆ ಕಡೆ ನೋಡಬಾರದು. 'ಸ್ಟಾರ್ ಟ್ರೆಕ್' ಟಿವಿ ಧಾರಾವಾಹಿಯಲ್ಲಿ ಸ್ಪಾಕ್ ಅನ್ನುವ ಪಾತ್ರದ ಕೈಸನ್ನೆ ಇದೆಯಲ್ಲ, ಅದು ಇದೇ. ಆ ನಟ ಲೆನರ್ಡ್ ನಿಮೊಯ್ ಚಿಕ್ಕವರಿದ್ದಾಗ ನೋಡಬಾರದ್ದನ್ನು ಕದ್ದು ನೋಡಿದ್ದರಂತೆ!

ಹೋದ ವರ್ಷ ಅಜ್ಜನ ಜೀವದ ಗೆಳೆಯ ತೀರಿಕೊಂಡರು. ಅಜ್ಜ ಸ್ಮಶಾನದ ಒಳಗೆ ಹೋಗಲಿಲ್ಲ. ಗೇಟಿನ ಹೊರಗೆ, ರಸ್ತೆ ಬದಿ, ಬಿಸಿಲಿನಲ್ಲಿ ನಿಂತರು. ಪುರೋಹಿತ ಸ್ಥಾನದವರು ಹೆತ್ತವರು, ಹೆಂಡತಿ, ಮಕ್ಕಳು, ಒಡಹುಟ್ಟಿದವರಂಥ ಹತ್ತಿರದವರಿಗೆ ಬಿಟ್ಟು ಬೇರೆಯವರ ಸಾವಿನ ಮೈಲಿಗೆಗೆ ಹೋಗುವಂತಿಲ್ಲ. ನಾನು ಕೊಡೆ ಹಿಡಿದುಕೊಂಡು ನಿಂತಿದ್ದೆ. ನಮ್ಮ ಕೆಳಗಿನ ಮನೆಯವರ ಬೋರ್ಡಿನಲ್ಲಿ ದೊಡ್ಡದಾಗಿ ಕೋಹೆನ್ ಅಂತ ಇದೆ. ಅವರು ಆರಾಮಾಗಿ ಒಳಗೆ ಹೋಗಿ ಮಣ್ಣು ಹಾಕಿ ಬಂದರು.

ಇಟ್ಟಿಗೆ_ಗಾರೆ
ಜೋ, ಇದು ಚೆನ್ನಾಗಿದೆ. ಹಾಗಾದರೆ ಹೆಸರಿನಿಂದ ಏನೂ ಆಗುವುದಿಲ್ಲ ಅಂತಾನಾ?

ಕರಾವಳಿ_ಜೋ
ಆಗುತ್ತದೆ. ಮದುವೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೋಹೆನ್ ಆದವರು ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ಇಲ್ಲಿ ಯಹೂದಿಗಳ ಮದುವೆ ನೋಂದಣಿ ರಬ್ಬಿಗಳ, ಅಂದರೆ ಧರ್ಮಗುರುಗಳ ಕೈಯಲ್ಲಿದೆ, ಸಿವಿಲ್ ಮದುವೆ ಇಲ್ಲ. ಹೆಸರು ಕೋಹೆನ್ ಅಂತಿದ್ದರೆ ಮೊದಲು ಆ ಪ್ರಶ್ನೆಯೇ ಬರುತ್ತದೆ. ಪ್ರೀತಿ ಮಾಡಿದವರು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ.

ಲೆಕ್ಕದ_ಮೇಷ್ಟ್ರು
ಇದಕ್ಕೆ ಉಲ್ಟಾ ಉದಾಹರಣೆ ವಿಲಿಯಂ ಕೋಹೆನ್. ಬಿಲ್ ಕ್ಲಿಂಟನ್ ಕಾಲದಲ್ಲಿ ಅಮೆರಿಕದ ರಕ್ಷಣಾ ಮಂತ್ರಿ. ಅಪ್ಪ ಯಹೂದಿ, ಅಮ್ಮ ಐರಿಷ್ ಮೂಲದ ಪ್ರಾಟೆಸ್ಟೆಂಟ್. ಹುಡುಗ ಹೀಬ್ರೂ ಶಾಲೆಗೆ ಹೋಗುತ್ತಿದ್ದ. 13 ವರ್ಷಕ್ಕೆ ಬಾರ್ ಮಿತ್ಸ್ವಾ, ಅಂದರೆ ಹುಡುಗ ದೊಡ್ಡವನಾದ ಅನ್ನುವ ಸಂಸ್ಕಾರ, ಮಾಡುವ ಹೊತ್ತಿಗೆ, ನೀನು ಮೊದಲು ಮತಾಂತರ ಆಗಬೇಕು ಅಂದರು. ಪುರೋಹಿತ ಸ್ಥಾನ ಬರುವುದು ಅಪ್ಪನಿಂದ, ಯಹೂದಿತನ ಬರುವುದು ಅಮ್ಮನಿಂದ. ಅಪ್ಪನ ಹೆಸರು ಬಂತು, ಅದರ ಒಳಗಿನದ್ದು ಬರಲಿಲ್ಲ. ಹುಡುಗ ಅಲ್ಲಿಗೇ ಬಿಟ್ಟ. ಗಿರೀಶ್, ನಿಮ್ಮ ಗೋತ್ರದ ಹೋಲಿಕೆ ಇಲ್ಲಿ ಮುರಿಯುತ್ತದೆ ನೋಡಿ.

ನಮ್ಮ ಗಣಿತದ ಪಾಲ್ ಕೋಹೆನ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ನಿದ್ದೆ ಬರುವುದಿಲ್ಲ. ಒಂದು, ಎರಡು, ಮೂರು ಅಂತ ಎಣಿಸುವ ಅನಂತ ಒಂದು. ಗೆರೆಯ ಮೇಲಿನ ಬಿಂದುಗಳ ಅನಂತ ಅದಕ್ಕಿಂತ ದೊಡ್ಡದು. ಇವೆರಡರ ನಡುವೆ ಇನ್ನೊಂದು ಇದೆಯಾ? ಸಾಮಾನ್ಯವಾಗಿ ಬಳಸುವ ನಿಯಮಗಳಿಂದ ಇದೆ ಅಂತಲೂ ಸಾಧಿಸಲು ಆಗುವುದಿಲ್ಲ, ಇಲ್ಲ ಅಂತಲೂ ಆಗುವುದಿಲ್ಲ. ಅರ್ಧ ಕೆಲಸ ಗೋಡೆಲ್ ಮಾಡಿದ್ದರು, ಉಳಿದರ್ಧವನ್ನು 1963ರಲ್ಲಿ ಈ ಕೋಹೆನ್ ಮುಗಿಸಿದರು. ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು.

ಸುಮಾ_ಕೆ
ಮೇಷ್ಟ್ರೇ, ಕ್ಲಾಸ್ ಆಯ್ತಾ? 😄

ಹತ್ತಿರದ ಕೋಹೆನ್ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಕೊಚ್ಚಿಯ ಮಟ್ಟಾಂಚೇರಿಗೆ ಹೋದವರಿಗೆ ನೆನಪಿರುತ್ತದೆ, ಸಿನಗಾಗ್ ಬೀದಿಯಲ್ಲಿ ಸಾರಾ ಕೋಹೆನ್ ಅವರ ಕಸೂತಿ ಅಂಗಡಿ. ಅವರು 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಿರೀಶ_ತಿಪಟೂರು
ಸರಿ, "ಎಲ್ಲರೂ" ಅನ್ನುವುದನ್ನು ವಾಪಸ್ ತಗೊಂಡೆ. "ಹೆಸರು" ಅನ್ನುವುದನ್ನೂ ಸ್ವಲ್ಪ. ಆದರೆ ಲೆನರ್ಡ್‌ನ ಮಾತ್ರ ಬಿಟ್ಟುಕೊಡುವುದಿಲ್ಲ. ಚಿಕ್ಕಂದಿನಿಂದ "ನೀನು ಆರೋನನ ವಂಶ" ಅಂತ ಹೇಳಿಯೇ ಬೆಳೆಸಿದ್ದರು. ಆ ಮನುಷ್ಯ 1996ರಲ್ಲಿ ಝೆನ್ ಸನ್ಯಾಸಿಯಾದ. ಆಮೇಲೆ ಮುಂಬೈಗೆ ಬಂದು ರಮೇಶ್ ಬಾಲ್ಸೇಕರ್ ಅವರ ವೇದಾಂತ ಕೇಳಿದ. ಇಷ್ಟೆಲ್ಲ ಆಗಿ, 75 ತುಂಬಿದ ವಾರ, 2009ರ ಸೆಪ್ಟೆಂಬರ್‌ನಲ್ಲಿ, ಇಸ್ರೇಲ್‌ನ ರಮತ್ ಗನ್ ಸ್ಟೇಡಿಯಂನಲ್ಲಿ ಕಛೇರಿ ಮುಗಿಸುವಾಗ ಏನು ಮಾಡಿದ ಗೊತ್ತಾ? ಜೋ ಹೇಳಿದ ಅದೇ ಹದಿನೈದು ಪದ. ಕೈ ಎತ್ತಿ, ಹೀಬ್ರೂವಿನಲ್ಲಿ. ಈಗ ತಾನೇ ಮಗಳಿಗೆ ಆ ವಿಡಿಯೊ ತೋರಿಸಿದೆ. ಬೆರಳು ಹಾಗೆ ಅಗಲಿಸಲು ಅರ್ಧ ಗಂಟೆಯಿಂದ ಒದ್ದಾಡುತ್ತಿದ್ದಾಳೆ. ಬಲಗೈ ಬಂತು, ಎಡಗೈ ಬರುತ್ತಿಲ್ಲ.

ಕರಾವಳಿ_ಜೋ
ಅಜ್ಜನಿಗೂ ಎಡಗೈ ಈಗ ಬರುವುದಿಲ್ಲ, ಸಂಧಿವಾತ. ಕೇಳಿದರೆ, "ಶಾಲಿನ ಒಳಗೆ ಯಾರು ನೋಡುತ್ತಾರೆ ಬಿಡು" ಅಂತಾರೆ.