ಹಿಂದುಳಿದ ತಾಲ್ಲೂಕು ಯಾವುದು, 371ಜೆ ಯಾರಿಗೆ: ಸಂದೇಶ ಗುಂಪೊಂದರಲ್ಲಿ ಯೋಜನಾ ಇಲಾಖೆಯ ನಿವೃತ್ತ ಅಧಿಕಾರಿಯೊಂದಿಗೆ ಸದಸ್ಯರ ಪ್ರಶ್ನೋತ್ತರ

ಎಚ್.ಡಿ. ಕೋಟೆಯ ಸದಸ್ಯೆ: ನಮಸ್ಕಾರ ಸರ್. ನಂಜುಂಡಪ್ಪ ವರದಿಯಲ್ಲಿ ನಮ್ಮ ತಾಲ್ಲೂಕು ಅತ್ಯಂತ ಹಿಂದುಳಿದ ಪಟ್ಟಿಯಲ್ಲಿರುವುದರಿಂದ ನಮಗೂ 371ಜೆ ಮೀಸಲಾತಿ ಉಂಟೆಂಬ ಸಂದೇಶ ಬಂದಿದೆ. ನಿಜವೇ?

ಅಧಿಕಾರಿ: ಇಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅಳೆದದ್ದು ತಾಲ್ಲೂಕುಗಳನ್ನು; ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕಲ್ಪಿಸುವ ಸಂವಿಧಾನದ 371ಜೆ ವಿಧಿ ಅನ್ವಯಿಸುವುದು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಮಾತ್ರ.

ಹುಣಸಗಿಯ ಸದಸ್ಯ: ಸುರಪುರದಿಂದ ಬೇರ್ಪಟ್ಟ ನಮ್ಮ ಹೊಸ ತಾಲ್ಲೂಕು ಯಾವ ವರ್ಗಕ್ಕೆ ಸೇರುತ್ತದೆ, ಸರ್?

ಅಧಿಕಾರಿ: ಒಳ್ಳೆಯ ಪ್ರಶ್ನೆ. ಸಮಿತಿಯು ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114ನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಸುರಪುರ ಆ 39ರಲ್ಲಿ ಒಂದು. ಆಗ ಹುಣಸಗಿ ತಾಲ್ಲೂಕೇ ಇರಲಿಲ್ಲವಾದ್ದರಿಂದ ಆ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಅಂಕವಿಲ್ಲ. ನನ್ನನ್ನು ಕಾಡುವುದು ಬೇರೆಯೇ ಸಂಗತಿ. ನಾರಾಯಣಪುರ ಅಣೆಕಟ್ಟು ಇರುವುದು ನಿಮ್ಮಲ್ಲಿ. ಕಾಲುವೆಯ ದಂಡೆಯಲ್ಲಿ ಭತ್ತದ ಗದ್ದೆಗೆ ನೀರು ನಿಂತಿರುವಾಗಲೇ, ಕಾಲುವೆ ಮುಟ್ಟದ ಊರಿನವರು ರೊಟ್ಟಿಯ ಗಂಟು ಕಟ್ಟಿಕೊಂಡು ಮಕ್ಕಳ ಸಮೇತ ಬೆಂಗಳೂರಿಗೆ ಗುಳೆ ಹೊರಡುವುದನ್ನು ನಾನೇ ಕಂಡಿದ್ದೇನೆ. ನೀರಾವರಿ ಹೆಚ್ಚಿದಂತೆ ತಾಲ್ಲೂಕಿನ ಅಂಕ ಏರುತ್ತದೆ. ಗುಳೆ ಹೋದವರ ಮನೆಗೆ ಬಿದ್ದ ಬೀಗ ಯಾವ ಸೂಚಕಕ್ಕೂ ಸಿಗುವುದಿಲ್ಲ. ಕನಿಷ್ಠ ಹೋಬಳಿವಾರು ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ವಿಜಯಪುರದ ಸದಸ್ಯ: ಗುಳೆ ನಮ್ಮಲ್ಲೂ ಇದೆ. ನಮ್ಮ ಜಿಲ್ಲೆಗೇಕೆ 371ಜೆ ಇಲ್ಲ?

ಕಲಬುರಗಿಯ ಸದಸ್ಯ: ನಿಜಾಮರ ಆಳ್ವಿಕೆಯಲ್ಲಿ ಹಿಂದೆ ಬಿದ್ದವರಿಗಾಗಿ ಹೋರಾಡಿ ಪಡೆದದ್ದು ಅದು, ಅಣ್ಣಾ.

ವಿಜಯಪುರದ ಸದಸ್ಯ: ಹಾಗಾದರೆ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಹೇಗೆ ಸೇರಿತು?

ಕಲಬುರಗಿಯ ಸದಸ್ಯ: ಅದನ್ನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟವರೂ ನಿಜಾಮರೇ.

ವಿಜಯಪುರದ ಸದಸ್ಯ: 1800ರ ಲೆಕ್ಕ ತೆಗೆಯುವುದಾದರೆ ನಮ್ಮ ಆದಿಲ್‌ಶಾಹಿಗಳ ಲೆಕ್ಕವನ್ನೂ ತೆಗೆಯಿರಿ. ಓದಿ ಬಂದು ಮಾತನಾಡಿ.

ಕಲಬುರಗಿಯ ಸದಸ್ಯ: ಓದಿದ್ದರಿಂದಲೇ ಹೇಳಿದೆ. ನಿಮ್ಮಿಂದ ಕಲಿಯಬೇಕಾಗಿಲ್ಲ.

ಬೀದರಿನ ಸದಸ್ಯೆ: ಸರ್, ಈ ಲಿಂಕ್‌ನಲ್ಲಿ ಆಧಾರ್ ಸಂಖ್ಯೆ ತುಂಬಿದರೆ 371ಜೆ ಪ್ರಮಾಣಪತ್ರ ಮನೆಗೇ ಬರುತ್ತದೆ ಎಂದಿದ್ದಾರೆ. ತುಂಬಲೇ?

ಅಧಿಕಾರಿ: ತುಂಬಬೇಡಿ. ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಇಂಥ ಸಂದೇಶಗಳನ್ನು ಓದದೆಯೇ ಹತ್ತು ಗುಂಪುಗಳಿಗೆ ರವಾನಿಸುವವರು ದಯವಿಟ್ಟು ಮೊದಲು ತಮ್ಮ ಆಧಾರ್ ಸಂಖ್ಯೆಯನ್ನು ಕಾಪಾಡಿಕೊಳ್ಳಲಿ.

ರಾಯಚೂರಿನ ಸದಸ್ಯ: ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ಸರ್?

ಅಧಿಕಾರಿ: ಮೇಲೆಯೇ ಬರೆದಿದ್ದೇನೆ. ಓದಿ.

ಹುಣಸಗಿಯ ಸದಸ್ಯ: ಹೋಬಳಿವಾರು ಅಂಕಿಅಂಶ ಯಾವ ಕಚೇರಿಯಲ್ಲಿ ಸಿಗಬಹುದು, ಸರ್?

ವಿಜಯಪುರದ ಸದಸ್ಯ: ಬಳ್ಳಾರಿಯ ವಿಷಯಕ್ಕೆ ಅಧಿಕಾರಿಗಳು ಇನ್ನೂ ಬಾಯಿ ಬಿಟ್ಟಿಲ್ಲ.