ಎಪಿಡಿಡಿಮಿಸ್‌ನಲ್ಲಿ ಸ್ಪರ್ಮಿಡಿನ್ ಬೆನ್ನಿಗೇ ಬರುವ ಪೀಕ್ ಯಾವುದು?

ಸಿ18_ಕಾಲಂ: ಇಲಿಯ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿದ, ವೀರ್ಯಾಣು ಮಾಗುವ ನಾಳ) 100 ಮಿ.ಗ್ರಾಂ., ತಣ್ಣಗಿನ 0.2 ಮೋಲಾರ್ ಪರ್‌ಕ್ಲೋರಿಕ್ ಆಮ್ಲ 1 ಮಿ.ಲೀ.ನಲ್ಲಿ ಅರೆದದ್ದು. ಮೇಲಿನ ತಿಳಿ 100 ಮೈಕ್ರೋಲೀಟರ್, ಸ್ಯಾಚುರೇಟೆಡ್ ಸೋಡಿಯಂ ಕಾರ್ಬೊನೇಟ್ 200, ಅಸಿಟೋನ್‌ನಲ್ಲಿ ಡಾನ್ಸಿಲ್ ಕ್ಲೋರೈಡ್ (ಅಮೀನ್‌ಗೆ ಅಂಟಿ ಹೊಳೆಯುವ ಗುರುತು; 5 ಮಿ.ಗ್ರಾಂ./ಮಿ.ಲೀ.) 200, ರಾತ್ರಿಯಿಡೀ ಕತ್ತಲಲ್ಲಿ. ಉಳಿದ ಡಾನ್ಸಿಲ್ ಮುಗಿಸಲು ಪ್ರೋಲೀನ್ ಹಾಕಿ, ಟಾಲ್ವೀನ್‌ಗೆ ಎಳೆದು ಎಚ್‌ಪಿಎಲ್‌ಸಿ (ಅಣುಗಳನ್ನು ಬೇರ್ಪಡಿಸುವ ದ್ರವ ಕ್ರೊಮ್ಯಾಟೊಗ್ರಫಿ). ಸ್ಪರ್ಮಿಡಿನ್‌ಗೂ ಸ್ಪರ್ಮಿನ್‌ಗೂ ನಡುವೆ ಚಿಕ್ಕ ಪೀಕ್ ಬರುತ್ತಿದೆ. ಅವುಗಳಂತೆಯೇ ಇನ್ನೊಂದು ಪಾಲಿಅಮೀನ್ (ಹಲವು ಅಮೀನ್ ಗುಂಪಿನ ಅಣು) ಆದ ಹೋಮೋಸ್ಪರ್ಮಿಡಿನ್ ಅನ್ನಬಹುದೇ?

ಟಾಲ್ವೀನ್_ಪದರ: ಇಷ್ಟಕ್ಕೇ ಅನ್ನಬೇಡಿ. ಗಂಡು ಜನನಾಂಗದ ಅಂಗಾಂಶದಲ್ಲಿ ಸ್ಪರ್ಮಿನ್ ರಾಶಿ ಇರಬಹುದು. ಡಾನ್ಸಿಲ್ ಸಾಲದೇ ಹೋದರೆ ನಾಲ್ಕರ ಬದಲು ಮೂರೇ ಡಾನ್ಸಿಲ್ ಕೂತ ಸ್ಪರ್ಮಿನ್ ಬೇರೆ ಪೀಕಾಗಿ ಬರುತ್ತದೆ. ಸಾರವನ್ನು ಅರ್ಧ, ಕಾಲುಭಾಗಕ್ಕೆ ಇಳಿಸಿ ಮತ್ತೆ ಓಡಿಸಿ. ಪೀಕ್ ಅದೇ ಅನುಪಾತದಲ್ಲಿ ಕುಗ್ಗದೆ ಮಾಯವಾದರೆ ಅದು ಅರೆಬೆಂದ ಸ್ಪರ್ಮಿನ್. ಇನ್ನೊಂದು: ಸಾರದ ಒಂದು ಪಾಲನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆ.ಗೆ 16 ಗಂಟೆ ಇಟ್ಟು ನೋಡಿ. ಅಸಿಟೈಲ್ ರೂಪಗಳು ಒಡೆದು ಮೂಲಕ್ಕೆ ಮರಳುತ್ತವೆ, ಹೋಮೋಸ್ಪರ್ಮಿಡಿನ್ ಅಲುಗುವುದಿಲ್ಲ. ಗಾಜಿನ ವಯಲ್ ಬೇಡ, ಪಾಲಿಅಮೀನ್ ಗೋಡೆಗೆ ಅಂಟುತ್ತದೆ, ಪಾಲಿಪ್ರೊಪಿಲೀನ್ ಬಳಸಿ.

ಸಿ18_ಕಾಲಂ: ಕಾಲುಭಾಗಕ್ಕೆ ಇಳಿಸಿದರೂ ಅನುಪಾತ ಅದೇ. ಹೈಡ್ರಾಲಿಸಿಸ್ ಆದಮೇಲೂ ಪೀಕ್ ನಿಂತಿದೆ. ಎಲ್‌ಸಿಎಂಎಸ್‌ನಲ್ಲಿ (ಬೇರ್ಪಡಿಸಿ ಅಣುತೂಕ ಅಳೆಯುವ ವಿಧಾನ) ಅದರ ತೂಕ 859.

ನೈಟ್ರೋಜನ್3: 859 ಅಂದರೆ 159ರ ಅಮೀನ್ (ಹೋಮೋಸ್ಪರ್ಮಿಡಿನ್ ತೂಕ) ಮೇಲೆ ಮೂರು ಡಾನ್ಸಿಲ್, ಜೊತೆಗೊಂದು ಪ್ರೋಟಾನ್; ಅರೆಬೆಂದ ಸ್ಪರ್ಮಿನ್ ಆಗಿದ್ದರೆ 902 ಬರಬೇಕಿತ್ತು. ಆದರೆ ತೊಡಕು ಇಲ್ಲೇ ಇದೆ. ಅಮೈನೋಪ್ರೊಪೈಲ್‌ಕ್ಯಾಡವರಿನ್ ತೂಕವೂ ಕರಾರುವಾಕ್ಕಾಗಿ ಅಷ್ಟೇ. ಡಾನ್ಸಿಲ್ ಹಾಕದ ಸಾರವನ್ನೇ ಹೆಪ್ಟಾಫ್ಲೂರೋಬ್ಯುಟಿರಿಕ್ ಆಮ್ಲದ (ಅಮೀನನ್ನು ಕಾಲಂನಲ್ಲಿ ಹಿಡಿದಿಡಲು) ಜೊತೆ ಓಡಿಸಿ, 160ನ್ನು (159ಕ್ಕೊಂದು ಪ್ರೋಟಾನ್) ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಡೆಯಿರಿ. 72ರ ತುಂಡು ಮುಂದಿದ್ದರೆ ಹೋಮೋಸ್ಪರ್ಮಿಡಿನ್, 86 ಬಂದರೆ ಇನ್ನೊಂದು. ಕ್ರೊಮ್ಯಾಟೊಗ್ರಾಂನಲ್ಲಿ ಕ್ಯಾಡವರಿನ್ ಪೀಕ್ ಇದೆಯೇ, ಅದನ್ನೂ ಗಮನಿಸಿ: ಪುಟ್ರೆಸಿನ್ ತಯಾರಿಸುವ ಕಿಣ್ವ ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಲೈಸೀನನ್ನೂ ಅಷ್ಟಿಷ್ಟು ಕಡಿಯುತ್ತದೆ, ಹಾಗೆ ಹುಟ್ಟಿದ ಕ್ಯಾಡವರಿನ್‌ಗೆ ಸ್ಪರ್ಮಿಡಿನ್ ಸಿಂಥೇಸ್ ಅಮೈನೋಪ್ರೊಪೈಲ್ ಅಂಟಿಸಬಲ್ಲದು.

ಟಾಲ್ವೀನ್_ಪದರ: 72 ಬಂದರೂ "ಅಂಗಾಂಶವೇ ತಯಾರಿಸಿತು" ಅನ್ನಲಾಗದು. ಡಿಆಕ್ಸಿಹೈಪುಸೀನ್ ಸಿಂಥೇಸ್ ಎಂಬ ಕಿಣ್ವ ಪುಟ್ರೆಸಿನ್ ಸಿಕ್ಕರೆ ಹೋಮೋಸ್ಪರ್ಮಿಡಿನ್ ಕಟ್ಟುತ್ತದೆ, ನಿಜ. ಆದರೆ ಗಿಡಗಳಲ್ಲೂ ಬ್ಯಾಕ್ಟೀರಿಯಾಗಳಲ್ಲೂ ಹೋಮೋಸ್ಪರ್ಮಿಡಿನ್ ಇದೆ, ಮೇವಿನಿಂದಲೂ ಬಂದಿರಬಹುದು. ಇಲಿಯ ಆಹಾರದ ಪೆಲೆಟ್ಟನ್ನೇ 100 ಮಿ.ಗ್ರಾಂ. ಅರೆದು ಇದೇ ವಿಧಾನದಲ್ಲಿ ಓಡಿಸಿ. ಹೋಲಿಸಲು ಶುದ್ಧ ಹೋಮೋಸ್ಪರ್ಮಿಡಿನ್ (ಸ್ಟ್ಯಾಂಡರ್ಡ್) ಸಿಗದಿದ್ದರೆ ಶ್ರೀಗಂಧದ ಎಲೆ ಇದೆಯಲ್ಲ! 1971ರಲ್ಲಿ ಹೋಮೋಸ್ಪರ್ಮಿಡಿನ್ ವರದಿಯಾದದ್ದೇ ಅದರಿಂದ. ಎಲೆಯ ಸಾರವನ್ನು ನಿಮ್ಮ ಮಾದರಿಗೆ ಬೆರೆಸಿ: ಪೀಕ್ ಎರಡಾಗಿ ಸೀಳದೆ ಎತ್ತರವಷ್ಟೇ ಏರಬೇಕು.