ಬಾಲ್ಕನಿ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದೆ, ಗಿಡಕ್ಕೆ ನೀರು ಹಾಕೋದು ಹೇಗೆ?

ಎರಡನೇ_ಮಹಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಒಂದು ಮನಿ ಪ್ಲಾಂಟ್ ಕುಂಡ ನೇತು ಹಾಕಿದ್ದೇನೆ. ಯುಗಾದಿ ಕಳೆದ ಮೇಲೆ ಅದರಲ್ಲಿ ಪಿಕಳಾರ ಗೂಡು ಕಟ್ಟಿದೆ. ತಲೆ ಮೇಲೆ ಕಪ್ಪು ಜುಟ್ಟು, ಕೆನ್ನೆ ಮೇಲೆ ಕೆಂಪು ಚುಕ್ಕೆ ಇರುತ್ತಲ್ಲ, ಅದೇ. ಮೊದಲು ಬಾಗಿಲ ಮುಂದಿನ ನಾರಿನ ಮ್ಯಾಟ್ ಯಾಕೆ ಹೀಗೆ ಕಿತ್ತು ಬರ್ತಿದೆ ಅಂತ ಅಂಗಡಿಯವನನ್ನು ಬೈದುಕೊಂಡಿದ್ದೆ. ಕೊನೆಗೆ ನೋಡಿದರೆ ಆ ನಾರೆಲ್ಲ ಕುಂಡದಲ್ಲಿದೆ, ಜೊತೆಗೆ ಒಣ ಬೇರು, ನಮ್ಮದೇ ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆ. ಮೊಬೈಲ್ ಎತ್ತಿ ಹಿಡಿದು ಫೋಟೊ ತೆಗೆದೆ. ಮೂರು ಮೊಟ್ಟೆ, ನಸುಗುಲಾಬಿ ಬಣ್ಣದ ಮೇಲೆ ಕುಂಕುಮದ ನೀರು ಚಿಮುಕಿಸಿದ ಹಾಗಿದೆ.

ಈಗ ಸಮಸ್ಯೆ. ಎಂಟು ದಿನದಿಂದ ಗಿಡಕ್ಕೆ ನೀರು ಹಾಕಿಲ್ಲ, ಎಲೆ ಜೋತು ಬಿದ್ದಿದೆ. ನಮ್ಮ ಅತ್ತೆ "ಬಾಣಂತಿ ಪಾಪ" ಅಂತ ದಿನಾ ಕಟ್ಟೆ ಮೇಲೆ ಅಕ್ಕಿ, ಹೆಸರುಕಾಳು ಹಾಕ್ತಾರೆ. ಅದನ್ನು ಪಿಕಳಾರ ಮುಟ್ಟಿಲ್ಲ, ಕಾಗೆ ಪಾರಿವಾಳ ಮಾತ್ರ ಸಾಲಾಗಿ ಬರ್ತಿವೆ. ಮುಂದಿನ ಭಾನುವಾರ ಮನೆಗೆ ನೆಂಟರು ಬರೋದಿದೆ. ಕುಂಡವನ್ನು ಹಿಂದಿನ ಬಚ್ಚಲ ಕಡೆ ನೇತು ಹಾಕೋಣ ಅಂತಾರೆ ಯಜಮಾನರು. ಹಾಕಬಹುದಾ?

ಹಿತ್ತಲಮನೆ_ಸಾಗರ:
ಬೇಡ ಮೇಡಂ, ಕುಂಡ ಕದಲಿಸಲೇಬೇಡಿ. ಹಕ್ಕಿ ಗುರುತು ಇಟ್ಟುಕೊಳ್ಳುವುದು ಜಾಗವನ್ನು. ಕುಂಡ ಬಚ್ಚಲ ಕಡೆ ಹೋದರೆ ತಾಯಿ ಹಳೇ ಕೊಕ್ಕೆ ಹತ್ತಿರವೇ ಬಂದು ಹಾರಾಡಿ, ಕೂಗಿ, ಕೊನೆಗೆ ಬಿಟ್ಟು ಹೋಗುತ್ತದೆ. ನಮ್ಮ ತಂದೆ ಒಮ್ಮೆ ಸುಣ್ಣ ಬಳಿಸುವಾಗ ಹೀಗೇ ಕುಂಡವೊಂದನ್ನು ಸರಿಸಿದ್ದರು, ಬರೀ ಏಳೆಂಟು ಅಡಿ. ಮೊಟ್ಟೆ ಹಾಗೇ ಉಳಿಯಿತು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಲೆಕ್ಕ ಹಾಕಿದ್ದಾರೆ. ಹೆದರಿಸೋಕೆ ಹೇಳ್ತಿಲ್ಲ, ಯಜಮಾನರಿಗೆ ಹೇಳೋಕೆ ಒಂದು ಕಾರಣ ಇರಲಿ ಅಂತ.

ಮೊಟ್ಟೆ ಒಡೆಯಲು ಸುಮಾರು 12 ದಿನ. ಆಮೇಲೆ ಮರಿ ಗೂಡಿನಲ್ಲಿರುವುದೂ ಹತ್ತಿರ ಹತ್ತಿರ ಅಷ್ಟೇ ದಿನ. ಒಂದು ತಿಂಗಳೊಳಗೆ ನಿಮ್ಮ ಬಾಲ್ಕನಿ ನಿಮಗೆ ವಾಪಸ್.

ನೀರಿಗೆ ಉಪಾಯ ಇದೆ. ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ. ತಾಯಿ ಎದ್ದು ಹೋದಾಗ ಗೂಡಿನ ಎದುರು ಬದಿಯ ಅಂಚಿಗೆ ಸಣ್ಣಗೆ ಬಿಡಿ. ಅರ್ಧ ಲೋಟ ಸಾಕು, ಅರ್ಧ ನಿಮಿಷದಲ್ಲಿ ಮುಗಿಸಿ ಒಳಗೆ ಬನ್ನಿ. ಮೂರು ದಿನಕ್ಕೊಮ್ಮೆ ಹಾಕಿದರೂ ಮನಿ ಪ್ಲಾಂಟ್ ಸಾಯಲ್ಲ, ಅದರ ಜೀವ ಗಟ್ಟಿ.

ಫೋಟೊ ಒಂದು ಸಾಕು. ನೀವು ದಿನಾ ಕುಂಡದ ಹತ್ತಿರ ನಿಂತು ಕತ್ತು ಚಾಚಿದರೆ ಎದುರು ಕಂಬದ ಮೇಲಿನ ಕಾಗೆಗೆ ನೀವೇ ದಾರಿ ತೋರಿಸಿದ ಹಾಗೆ. ಅಕ್ಕಿಯೂ ಅದೇ ಕೆಲಸ ಮಾಡ್ತಿದೆ. ಪಿಕಳಾರಕ್ಕೆ ಹಣ್ಣು, ಹುಳ ಬೇಕು, ಅಕ್ಕಿಯಲ್ಲ. ಅತ್ತೆಯವರಿಗೆ ಬೇಜಾರಾಗದ ಹಾಗೆ ಕಾಳನ್ನು ತಾರಸಿಗೆ ಸಾಗಿಸಿ. ಬೇಸಿಗೆ ತಾನೆ, ಒಂದು ಅಗಲದ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚು ನೀರು, ಮಧ್ಯೆ ಒಂದು ಕಲ್ಲು ಇಡೋಕೆ ಹೇಳಿ. ದಿನಾ ತೊಳೆದು ನೀರು ಬದಲಿಸುವ ಕೆಲಸ ಅವರದೇ ಆಗಲಿ.

ಬೈಕ್‌ರವಿ:
ಬಾಲ್ಕನಿಗೆ ಪಾರಿವಾಳದ ಬಲೆ ಹೊಡೆಸಿ, ತಾಯಿ ಬರೋಕೆ ಒಂದು ಕಡೆ ಜಾಗ ಬಿಡಿ. ಕಾಗೆ ಕಾಟವೇ ಇರಲ್ಲ.

ವಿಷಯಾಂತರ, ಕ್ಷಮಿಸಿ. ನಮ್ಮ ಮನೆ ಹತ್ತಿರ ಇದೇ ಜಾತಿ ಹಕ್ಕಿ ಬೆಳಗ್ಗೆಯಿಂದ ನನ್ನ ಬೈಕಿನ ಕನ್ನಡಿ ಕುಟ್ಟುತ್ತದೆ, ಮೇಲೆಲ್ಲ ಹಿಕ್ಕೆ ಹಾಕುತ್ತದೆ. ಏನು ದ್ವೇಷ ಅದಕ್ಕೆ?

ಹಿತ್ತಲಮನೆ_ಸಾಗರ:
ರವಿಯವರೇ, ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆ ಅಂದುಕೊಂಡು ತನ್ನ ಬಿಂಬದ ಜೊತೆ ಜಗಳ ಆಡುತ್ತದೆ. ಕನ್ನಡಿಗೆ ಹಳೇ ಸಾಕ್ಸ್ ಹಾಕಿ, ಮುಗೀತು. ಬಲೆ ಮಾತ್ರ ಬೇಡ. ಗೂಡು ಇರುವಾಗ ಡ್ರಿಲ್ಲಿಂಗ್ ಸದ್ದಿಗೇ ತಾಯಿ ಓಡಿ ಹೋಗುತ್ತದೆ. ಮೊದಲ ಸಲ ಹಾರುವ ಮರಿ ನೆಟ್ಟಗೆ ಹೋಗಿ ಬಲೆಗೇ ಸಿಕ್ಕಿಕೊಳ್ಳುತ್ತದೆ.

ಕೆಂಗೇರಿ_ಅಜ್ಜ:
ಮರಿ ಕೆಳಗೆ ಬಿದ್ದರೆ ಏನು ಮಾಡಬಾರದು ಅಂತ ಈಗಲೇ ಹೇಳಿಬಿಡ್ತೀನಿ, ಯಾಕೆಂದರೆ ನಾನು ಅದನ್ನೆಲ್ಲ ಮಾಡಿದವನು. ಹೋದ ವರ್ಷ ಮೊಮ್ಮಗಳು ಗೇಟಿನ ಹತ್ತಿರ ಒಂದು ಮರಿ ತಂದಳು. ಹಾಲಲ್ಲಿ ಅದ್ದಿದ ಬ್ರೆಡ್ ತಿನ್ನಿಸಿದೆ, ಫಿಲ್ಲರ್‌ನಲ್ಲಿ ಬಾಯಿಗೆ ನೀರು ಬಿಟ್ಟೆ. ಮೂಗಿನ ಹತ್ತಿರ ಗುಳ್ಳೆ ಬಂತು. ರಾತ್ರಿ ಒಂಬತ್ತಕ್ಕೆ ಹೋಯಿತು. ಆಮೇಲೆ ಪಶುವೈದ್ಯರು ಹೇಳಿದ್ದು, ಹಕ್ಕಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುತ್ತದಂತೆ. ನಾವು ಬಿಟ್ಟ ನೀರು ಸೀದಾ ಶ್ವಾಸಕೋಶಕ್ಕೆ. ಹಾಲು ಹಕ್ಕಿಗೆ ಅರಗುವುದೂ ಇಲ್ಲ. ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಆ ಮಾತು ನಂಬಿಯೇ ನಾನು ವಾಪಸ್ ಇಡಲಿಲ್ಲ. ಗಾಯವಾಗಿದ್ದರೆ ಮಾತ್ರ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ತಿಳಿದವರ ಹತ್ತಿರ ಒಯ್ಯಿರಿ. ಬೆಂಗಳೂರಿನವರಾದರೆ ನಮ್ಮ ಕೆಂಗೇರಿ ಕಡೆಯ ಪಿಎಫ್‌ಎ (ಪೀಪಲ್ ಫಾರ್ ಅನಿಮಲ್ಸ್) ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಊರಿನವರು ಅರಣ್ಯ ಇಲಾಖೆಗೆ ಹೇಳಿ.

ಎರಡನೇ_ಮಹಡಿ (ಹದಿನೇಳು ದಿನದ ನಂತರ):
ಎಲ್ಲರಿಗೂ ಥ್ಯಾಂಕ್ಸ್. ಕುಂಡ ಕದಲಿಸಲಿಲ್ಲ. ನೆಂಟರು ಬಂದಾಗ ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ, ಕಿಟಕಿ ಪರದೆ ಸಂದಿಯಿಂದ ಒಬ್ಬೊಬ್ಬರಿಗೇ ದರ್ಶನ ಮಾಡಿಸಿದರು ನಮ್ಮ ಅತ್ತೆ, ದೇವಸ್ಥಾನದ ಹಾಗೆ.

ಎರಡು ಮೊಟ್ಟೆ ಒಡೆದವು, ಒಂದು ಹಾಗೇ ಇದೆ. ಗಂಡು ಹೆಣ್ಣು ಎರಡೂ ಉಣಿಸುತ್ತವೆ. ಮೊದಲೆಲ್ಲ ಹಸಿರು ಹುಳ, ಆಮೇಲೆ ಎಲ್ಲಿಂದಲೋ ಸಣ್ಣ ಹಣ್ಣು. ಕುಂಡ ಸ್ವಲ್ಪ ಅಲ್ಲಾಡಿದರೆ ಸಾಕು, ಎರಡು ಬೋಳು ಕತ್ತು ಮೇಲೇಳುತ್ತವೆ, ಬಾಯಿ ಒಳಗೆಲ್ಲ ಕೆಂಪು. ಉಂಡ ತಕ್ಷಣ ಮರಿ ಹಿಂದೆ ತಿರುಗಿ ಬಿಳೀ ಗುಳಿಗೆಯ ಹಾಗೆ ಹಿಕ್ಕೆ ಹಾಕುತ್ತೆ, ತಾಯಿ ಅದನ್ನು ಕೊಕ್ಕಲ್ಲಿ ಹಿಡಿದು ದೂರ ಎಸೆದು ಬರುತ್ತೆ. ಗೂಡು ಅಷ್ಟು ಚೊಕ್ಕ. ನಮ್ಮ ಮಗನ ರೂಮು ನೆನಪಾಯಿತು.

ಈಗ ಗಾಬರಿ. ಇವತ್ತು ಬೆಳಗ್ಗೆ ಒಂದು ಮರಿ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಕೂತಿದೆ. ಪುಕ್ಕ ಬಂದಿದೆ, ಬಾಲ ಮೋಟು. ಕೆನ್ನೆಯಲ್ಲಿ ಕೆಂಪೇ ಇಲ್ಲ. ಬೇರೆ ಹಕ್ಕಿ ಮರಿ ಇರಬಹುದಾ? ಗೂಡಿಗೆ ವಾಪಸ್ ಇಡಲಾ?

ಹಿತ್ತಲಮನೆ_ಸಾಗರ:
ಅದೇ ಮರಿ. ಚಿಕ್ಕದರಲ್ಲಿ ಕೆಂಪು ಇರಲ್ಲ, ದೊಡ್ಡದಾದ ಮೇಲೆ ಬರುತ್ತದೆ. ಪುಕ್ಕ ಬಂದಿದೆ ಅಂದರೆ ಬಿದ್ದಿದ್ದಲ್ಲ, ಹೊರಟಿದ್ದು. ಸರಿಯಾಗಿ ಹಾರೋಕೆ ಮೊದಲೇ ಗೂಡು ಬಿಡುವುದು ಇವುಗಳ ರೂಢಿ. ಗೂಡಿಗೆ ಇಟ್ಟರೆ ಮತ್ತೆ ಹಾರುತ್ತದೆ. ಚಪ್ಪಲಿ ಸ್ಟ್ಯಾಂಡ್ ಬೆಕ್ಕಿಗೆ ಸಿಗುವ ಜಾಗವಾದ್ದರಿಂದ ಎತ್ತಿ ಹಗ್ಗದ ಹತ್ತಿರದ ಯಾವುದಾದರೂ ಗಿಡದ ಟೊಂಗೆ ಮೇಲೆ ಕೂರಿಸಿ. ಬೋಳು ಮರಿಯಾಗಿದ್ದರೆ ಮಾತ್ರ ಗೂಡಿಗೆ. ಕೂರಿಸಿ ಒಳಗೆ ಹೋಗಿಬಿಡಿ, ಅಪ್ಪ ಅಮ್ಮ ಎಲ್ಲೋ ಹತ್ತಿರದಲ್ಲೇ ಹುಳ ಹಿಡಿದುಕೊಂಡು ನೀವು ಯಾವಾಗ ಹೋಗ್ತೀರಾ ಅಂತ ಕಾಯ್ತಿರುತ್ತವೆ.

ಎರಡನೇ_ಮಹಡಿ:
ದಾಸವಾಳದ ಕುಂಡದ ಮೇಲೆ ಕೂರಿಸಿದೆ. ಕೈಯಲ್ಲಿ ಏನೂ ಇಲ್ಲದಷ್ಟು ಹಗುರ, ಎದೆ ಮಾತ್ರ ಡವಡವ. ಎರಡೇ ನಿಮಿಷಕ್ಕೆ ತಾಯಿ ಬಂತು. ಸಂಜೆ ಹೊತ್ತಿಗೆ ಎರಡೂ ಎದುರು ಮನೆ ಸೀಬೆ ಮರದಲ್ಲಿದ್ದವು, ಈಗ ಅವರ ಮನೆ ಬೆಕ್ಕಿನ ಮೇಲೆ ಅತ್ತೆಗೆ ಕಣ್ಣು.

ಖಾಲಿ ಗೂಡು ತೆಗೆಯಬಹುದಾ?

ಕೆಂಗೇರಿ_ಅಜ್ಜ:
ಒಂದೆರಡು ವಾರ ಬಿಡಮ್ಮ, ಆತುರ ಏನು. ಈ ಬೇಸಿಗೆಯಲ್ಲೇ ಇನ್ನೊಂದು ಸಲ ಮೊಟ್ಟೆ ಇಡಬಹುದು. ಸಾಮಾನ್ಯವಾಗಿ ಹೊಸ ಗೂಡು ಕಟ್ಟಿಕೊಳ್ಳುತ್ತವೆ.

ಎರಡನೇ_ಮಹಡಿ:
ಅಯ್ಯೋ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಏನೋ ಗೊತ್ತಿಲ್ಲ ಅಜ್ಜ. ಬೆಳಗ್ಗೆಯಿಂದ ಒಂದು ಪಿಕಳಾರ ಮ್ಯಾಟಿನ ಇನ್ನೊಂದು ಮೂಲೆ ಕೀಳ್ತಿದೆ.